ಬಂಡಿ ನನ್ನ ಹೆಸರಿನಲ್ಲಿದೆ

ಮೊನ್ನೆ ವಾಷಿಂಗ್ ಮೆಷಿನ್ನಿನಿಂದ ಬಟ್ಟೆ ತೆಗೆಯುವಾಗ ನನ್ನ ಬಿಳಿ ರವಿಕೆಯ ಬೆನ್ನ ಮೇಲೆ ಹಳದಿ ಗೀರುಗಳು ಕಂಡವು. ಡ್ರಮ್ಮಿನೊಳಗೆ ಕೈಯಾಡಿಸಿದರೆ ಕಡಲೆಬೀಜದ ಗಾತ್ರದ ಒಂದು ಸೀಮೆಸುಣ್ಣ. ಮೇಣ ಬೆರೆಸಿದ್ದು, ನೀರಿಗೆ ಕರಗುವುದಿಲ್ಲ, ಸೋಪಿಗೆ ಹೆದರುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಮೇಷ್ಟರಿಲ್ಲ. ನಮ್ಮವರು ಪೆರಂಬೂರಿನಲ್ಲಿ ರೈಲುಬೋಗಿ ಕಟ್ಟುವ ಕಡೆ ಕೆಲಸದಲ್ಲಿದ್ದಾರೆ. ಕಟ್ಟಿ ಮುಗಿಸಿದ ಬೋಗಿಯನ್ನು ಸುತ್ತಿ, ಬಗ್ಗಿ, ಕೆಳಗೆ ತೂರಿ, ಎಲ್ಲಿ ತಪ್ಪು ಕಂಡಿತೋ ಅಲ್ಲೊಂದು ಹಳದಿ ಇಂಟು ಮಾರ್ಕು ಹಾಕುವುದು ಅವರ ಉದ್ಯೋಗ.

ಆ ಕೈ ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ಕುಕ್ಕರಿನ ಸಡಿಲ ಹಿಡಿಯ ಮೇಲೆ ಒಂದು ಮಾರ್ಕು. ಬಚ್ಚಲ ಬಾಗಿಲ ಚಿಲಕದ ಮೇಲೆ ಒಂದು. ಒಮ್ಮೆ ದೇವರಮನೆಯ ಗಂಟೆಯ ಮೇಲೂ ಇತ್ತು, ನಾಲಗೆ ಒಂದು ಕಡೆ ವಾಲುತ್ತದೆ ಎಂದು. ನೀವೇ ಸರಿ ಮಾಡಬಾರದೇ ಎಂದು ಹೊಸದರಲ್ಲಿ ಕೇಳಿದ್ದೆ. ಅವರು ಬಹಳ ತಾಳ್ಮೆಯಿಂದ ವಿವರಿಸಿದರು. ಮಾರ್ಕು ಹಾಕುವುದು ಒಂದು ಸೆಕ್ಷನ್, ಸರಿಪಡಿಸುವುದು ಇನ್ನೊಂದು ಸೆಕ್ಷನ್, ಎರಡೂ ಒಬ್ಬನೇ ಮಾಡಿದರೆ ತಪಾಸಣೆಗೆ ಅರ್ಥವಿಲ್ಲ. ಮನೆಯಲ್ಲಿ ಆ ಇನ್ನೊಂದು ಸೆಕ್ಷನ್ ನಾನು.

ಇಷ್ಟೆಲ್ಲದರ ನಡುವೆ ಹದಿನೈದು ವರ್ಷದಲ್ಲಿ ಒಂದೇ ಒಂದು ಮಾರ್ಕೂ ಬೀಳದ ವಸ್ತು ನಮ್ಮಲ್ಲಿ ಒಂದಿತ್ತು. ಅದು ಅವರ ಬಂಡಿ. ಮೋಟಾರ್ ಸೈಕಲ್ಲಿಗೆ ನಾವು ಮದ್ರಾಸಿನವರು ಬಂಡಿ ಎನ್ನುತ್ತೇವೆ. ಬೆಂಗಳೂರಿನ ನನ್ನ ಚಿಕ್ಕಮ್ಮನ ಮಕ್ಕಳು ಎತ್ತು ಎಲ್ಲಿ ಕಟ್ಟಿದ್ದೀಯೆ ಅಂತ ಕೇಳುತ್ತಾರೆ. ಕೇಳಲಿ.

ಅವರ ಬಂಡಿ ಎಂದೆನಲ್ಲ, ಕಾಗದದ ಪ್ರಕಾರ ಅದು ತಪ್ಪು. ಕೊಳ್ಳುವ ಮುಂಚೆ ನಮ್ಮ ಅತ್ತೆಯವರು ಜೋಯಿಸರ ಹತ್ತಿರ ಹೋಗಿದ್ದರು. ಮಗನ ಜಾತಕದ ವಾಹನಸ್ಥಾನದಲ್ಲಿ ಶನಿ ಕಾಲು ಚಾಚಿ ಕೂತಿದ್ದಾನೆ, ಸೊಸೆಯದರಲ್ಲಿ ಶುಕ್ರ ಚೆನ್ನಾಗಿದ್ದಾನೆ, ಅವಳ ಹೆಸರಿನಲ್ಲೇ ತೆಗೆದುಕೊಳ್ಳಿ ಎಂದರಂತೆ. ಹೀಗೆ ಕ್ಲಚ್ಚು ಯಾವ ಕಡೆ ಇರುತ್ತದೆ ಎಂದೂ ತಿಳಿಯದ ನಾನು ಮೋಟಾರ್ ಸೈಕಲ್ಲಿನ ಒಡತಿಯಾದೆ. ಒಡತಿಯ ಜಾಗ ಹಿಂದಿನ ಸೀಟು.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಪ್ಯಾರೀಸ್ ಕಾರ್ನರಿಗೆ ಹೋಗುತ್ತೇವೆ. ಹುಣಸೆಹಣ್ಣು, ಮೆಣಸಿನಕಾಯಿ, ಬೆಲ್ಲ, ಇಂಥವು ಅಲ್ಲಿ ಸಗಟಿನಲ್ಲಿ ಸಿಗುತ್ತವೆ. ನಿಜ ಹೇಳಬೇಕೆಂದರೆ ಮೂರು ಜನರ ಸಂಸಾರಕ್ಕೆ ವಾರವಾರ ಸಗಟಿನ ಮೆಣಸಿನಕಾಯಿ ಬೇಕಾಗಿಲ್ಲ. ನನಗೆ ಬೇಕಾದದ್ದು ಹೋಗಿಬರುವ ದಾರಿ. ಮನೆಯಲ್ಲಿ ಅವರೊಡನೆ ಮಾತಾಡಲು ಕೂತರೆ ಎರಡನೇ ವಾಕ್ಯಕ್ಕೇ ತಪ್ಪು ಹುಡುಕುತ್ತಾರೆ. ಅದು ಮಂಗಳವಾರ ಅಲ್ಲ, ಬುಧವಾರ. ನಿನ್ನ ಅಣ್ಣ ಹಾಗೆ ಅನ್ನಲಿಲ್ಲ, ಹೀಗೆ ಅಂದ. ಬಂಡಿಯ ಮೇಲೆ ಹಾಗಲ್ಲ. ಅವರ ಕಿವಿ ಹೆಲ್ಮೆಟ್ಟಿನೊಳಗೆ, ಬಾಯಿ ಹೆಲ್ಮೆಟ್ಟಿನೊಳಗೆ, ಗಮನ ರಸ್ತೆಯ ಮೇಲೆ. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ನಾನು ಅವರ ಬಲಭುಜಕ್ಕೆ ನನ್ನ ವಾರವನ್ನು ಹೇಳುತ್ತೇನೆ. ಮೇಲಿನ ಮನೆಯವರ ಬಟ್ಟೆಯ ನೀರು, ಮಗಳ ಮುಖ ಸಪ್ಪಗಿರುವುದು, ಹನ್ನೊಂದು ವರ್ಷದ ಹಿಂದೆ ಮದುವೆಮನೆಯಲ್ಲಿ ನನ್ನ ಓರಗಿತ್ತಿ ಆಡಿದ ಒಂದು ಮಾತು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾದ ಮೇಲೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. ಒಮ್ಮೆ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಿರುಗಿ, "ವಿಡುಂಗಮ್ಮಾ, ಸೊಂದಕಾರಂಗನ್ನಾ ಅಪ್ಪಡಿತಾನ್" ಎಂದ. ಬಿಡಿ, ನೆಂಟರೆಂದರೆ ಹಾಗೇ ಎಂದು. ನಮ್ಮವರು ಮಾತ್ರ ಏನೂ ಅನ್ನಲಿಲ್ಲ. ನನ್ನ ಅಪ್ಪ ತೀರಿಹೋದ ವರ್ಷ ನಾನು ಅತ್ತದ್ದೂ ಆ ಸೀಟಿನ ಮೇಲೇ, ಮೂರು ಶನಿವಾರ. ಮನೆಯಲ್ಲಿ ಅತ್ತರೆ ಎಲ್ಲರೂ ಕಾಫಿ ಮಾಡಿಕೊಂಡು ಬರುತ್ತಾರೆ.

ಬಂಡಿಯ ಹೆಸರು ಹೇಳುವುದಿಲ್ಲ, ಕಂಪನಿಯವರು ಸಂತೋಷಪಟ್ಟು ಇನ್ನೊಂದನ್ನು ಮಾರಲು ಬಂದಾರು. ಹದಿನೈದು ವರ್ಷದಲ್ಲಿ ಅದು ನಡುದಾರಿಯಲ್ಲಿ ಕೈಕೊಟ್ಟದ್ದು ಎರಡೇ ಸಲ. ಒಂದು, ಡಿಸೆಂಬರಿನ ಮಳೆಯಲ್ಲಿ ಸಬ್‌ವೇ ಒಳಗೆ ಸೈಲೆನ್ಸರ್ ನೀರು ಕುಡಿದಾಗ. ಇನ್ನೊಂದು, ಬೇಸಿನ್ ಬ್ರಿಡ್ಜಿನ ಏರಿನಲ್ಲಿ ಚೈನು ಕಳಚಿದಾಗ. ಸೆಲ್ಫ್ ಸ್ಟಾರ್ಟಿನ ಗುಂಡಿ ಎಂದೋ ಸತ್ತಿದೆ. ಆದರೆ ಚೋಕ್ ಎಳೆದು ಎರಡು ಸಲ ಒದ್ದರೆ ಎಂಜಿನ್ನು ಏಳುತ್ತದೆ. ಅದನ್ನು ಅವರು ಕಾಯಿಲೆ ಎಂದು ಒಪ್ಪುವುದಿಲ್ಲ, ಅಭ್ಯಾಸ ಎನ್ನುತ್ತಾರೆ.

ಮುಂದೆ ಕೂತವರಿಗೆ ಕಾಣುವ ಬಂಡಿಯೇ ಬೇರೆ, ಹಿಂದೆ ಕೂತವರಿಗೆ ಕಾಣುವುದೇ ಬೇರೆ. ಎಡಗಡೆಯ ಪಾದಾನಿಯ ರಬ್ಬರು ತನ್ನಷ್ಟಕ್ಕೆ ತಿರುಗುತ್ತದೆ ಎಂದು ನನಗೆ ಗೊತ್ತು. ಮೂರನೇ ಗೇರಿನಲ್ಲಿ ಚೈನಿನ ಮುಚ್ಚಳ ಸಣ್ಣಗೆ ಹಲ್ಲು ಕಡಿಯುತ್ತದೆ. ಸಿಗ್ನಲ್ಲಿನ ಪಕ್ಕದ ಪಾತ್ರೆ ಅಂಗಡಿಯ ಗಾಜಿನಲ್ಲಿ ನೋಡುತ್ತ ನೋಡುತ್ತ ಇನ್ನೊಂದನ್ನೂ ಕಂಡುಕೊಂಡಿದ್ದೆ. ಅಕ್ಕಪಕ್ಕದ ಬಂಡಿಗಳು ನಿಂತಾಗ ಹಿಂದೆ ಕೆಂಪು ದೀಪ ಹತ್ತುತ್ತದೆ, ನಮ್ಮದು ಹತ್ತುವುದಿಲ್ಲ. ಹೇಳಿದ್ದೆ. ಅವರು ಕೈಬ್ರೇಕು ಒತ್ತಿ ತೋರಿಸಿದರು, ದೀಪ ಹತ್ತಿತು. ಆದರೆ ರಸ್ತೆಯ ಮೇಲೆ ಅವರು ಒತ್ತುವುದು ಕಾಲಿನದು. ನಾನು ಎರಡನೇ ಸಲ ಹೇಳಲಿಲ್ಲ.

ಹದಿನೈದು ವರ್ಷ ತುಂಬಿದ ಬಂಡಿಯನ್ನು ಸಾರಿಗೆ ಕಚೇರಿಗೆ ಒಯ್ದು, ಇನ್ನೂ ರಸ್ತೆಯ ಮೇಲೆ ಓಡಲು ಯೋಗ್ಯ ಎಂದು ಒಪ್ಪಿಸಿ, ನೋಂದಣಿಯನ್ನು ಹೊಸದು ಮಾಡಿಸಬೇಕು. ಆ ಸಮಯ ಬಂತು. ನಮ್ಮ ಮಗಳು ಮಾಲಿನಿ ಫೋನಿನಿಂದ ತಲೆಯೆತ್ತದೆ, "ಸ್ಕ್ರಾಪ್‌ಲ ಪೋಟ್ಟುಡುಂಗಪ್ಪಾ" ಎಂದಳು. ಗುಜರಿಗೆ ಹಾಕಿಬಿಡಿ ಎಂದು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಎಲ್ಲಿಗೆ ಬೇಕಾದರೂ ಕ್ಯಾಬ್ ಬುಕ್ ಮಾಡಿಕೊಡುತ್ತಾಳಂತೆ. ಕ್ಯಾಬಿನಲ್ಲಿ ಓರಗಿತ್ತಿಯ ವಿಷಯ ಮಾತಾಡಲು ಆಗುತ್ತದೆಯೇ, ನೀವೇ ಹೇಳಿ. ಡ್ರೈವರು ಇರುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಇವರು ಉತ್ತರ ಕೊಡಬಲ್ಲ ಸ್ಥಿತಿಯಲ್ಲಿ ಪಕ್ಕದಲ್ಲೇ ಕೂತಿರುತ್ತಾರೆ.

"ಸ್ಕ್ರಾಪ್ ಯಾಕೆ? ಮೊದಲನೇ ಸಲಕ್ಕೇ ಪಾಸಾಗತ್ತೆ" ಎಂದರು ಅವರು.

"ಆಗದಿದ್ದರೆ?" ಎಂದೆ.

"ಆಗದಿದ್ದರೆ ಅಲ್ಲಿಗೆ ಮುಗೀತು. ರಿಜೆಕ್ಟ್ ಅಂದ್ರೆ ರಿಜೆಕ್ಟ್. ನಾನು ಯಾರ ಹತ್ತಿರವೂ ಎರಡನೇ ಸಲ ನೋಡಿ ಅಂತ ಕೇಳೋನಲ್ಲ."

ಇದು ಬರೀ ಜಂಬದ ಮಾತಲ್ಲ. ತಾವು ಮಾರ್ಕು ಹಾಕಿದ ಮೇಲೆ ಬಂದು ಗೋಗರೆಯುವವರ ಕಥೆಗಳನ್ನು ಅವರು ಊಟದ ಹೊತ್ತಿನಲ್ಲಿ ಬಹಳ ಹೇಳಿದ್ದಾರೆ, ಒಂದು ಕಥೆಯಲ್ಲೂ ಅವರು ಕರಗಿದ್ದಿಲ್ಲ. ನನ್ನ ಶನಿವಾರಗಳು ಒಂದೇ ಬೆಳಗಿನ ಮೇಲೆ ನಿಂತಿವೆ ಎಂದು ಅರ್ಥವಾಯಿತು.

ಒಡತಿ ಖುದ್ದಾಗಿ ಬರಬೇಕೆಂದು ನಾನೂ ಹೋದೆ. ನಾವು ಮುಟ್ಟುವ ಹೊತ್ತಿಗೇ ಸಾಲು ಉದ್ದವಿತ್ತು. ಬೇರೆಯವರ ಬಂಡಿಗಳನ್ನು ನೋಡುತ್ತ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಂದರ ಟೈರು ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು. ಒಂದರ ಇಂಡಿಕೇಟರ್ ವೈರಿನ ಮೇಲೆ ಜೋಲುತ್ತ, ಕಿವಿಯಿಂದ ಕಳಚಿದ ಜುಮುಕಿಯಂತಿತ್ತು. ಒಂದಕ್ಕೆ ಎಲ್ಲ ಸರಿಯಾಗಿದ್ದು ಹಾರ್ನು ಮಾತ್ರ ಇರಲಿಲ್ಲ. ಅದರ ಯಜಮಾನರು, "ನಾನು ಯಾರಿಗೂ ತೊಂದರೆ ಕೊಡುವುದಿಲ್ಲ ಸಾರ್" ಎಂದು ಮುಂದಿನವರಿಗೆ ಹೇಳುತ್ತಿದ್ದರು. ನಮ್ಮವರು ಕೈ ಹಿಂದಕ್ಕೆ ಕಟ್ಟಿಕೊಂಡು ಒಂದೊಂದನ್ನೂ ನೋಡಿ ಸಣ್ಣಗೆ ತಲೆಯಾಡಿಸುತ್ತಿದ್ದರು. ಅವರ ಬಲಗೈ ಒಂದೆರಡು ಸಲ ಸೀಮೆಸುಣ್ಣದ ಜೇಬಿನ ಕಡೆ ಹೋದದ್ದನ್ನು ಕಂಡೆ.

ಇನ್ಸ್‌ಪೆಕ್ಟರ್ ಮೂವತ್ತರೊಳಗಿನ ಹೆಣ್ಣುಮಗಳು. ಖಾಕಿ ಶರ್ಟಿನ ಮೇಲೆ ಬಿಗಿಯಾಗಿ ಹೆಣೆದ ಜಡೆ, ಜಡೆಯ ತುದಿಗೆ ಕಪ್ಪು ರಬ್ಬರ್ ಬ್ಯಾಂಡು. ಅವಳ ಕೈಯೂ ಸುಮ್ಮನಿರದೆ ಪೆನ್ನು ತಿರುಗಿಸುತ್ತಿತ್ತು. "ಓನರ್ ಯಾರು?" ಎಂದಳು. ನಾನು ಎಂದೆ. ನನ್ನನ್ನೂ ಬಂಡಿಯನ್ನೂ ಒಮ್ಮೆ ನೋಡಿ ಬರೆದುಕೊಂಡಳು.

ಹಾರ್ನು ಸರಿ. ಹೆಡ್‌ಲೈಟು ಸರಿ. ಟೈರಿಗೆ ಬೆರಳಿಟ್ಟು ನೋಡಿದಳು, ಸರಿ. "ಕನ್ನಡಿ ಎಲ್ಲಿ ಸಾರ್?"

ಬಂಡಿಗೆ ಕನ್ನಡಿ ಇರಲಿಲ್ಲ. ಕೊಂಡ ಮೊದಲ ತಿಂಗಳಲ್ಲೇ, ಕಾರ್ಖಾನೆಯ ಸ್ಟ್ಯಾಂಡಿನಲ್ಲಿ ಒಂದಕ್ಕೊಂದು ತಗುಲುತ್ತವೆ ಎಂದು ಬಿಚ್ಚಿಟ್ಟಿದ್ದರು. "ಹಿಂದೆ ಇವಳಿದ್ದಾಳೆ, ಬಸ್ಸು ಬಂದರೆ ಹೇಳ್ತಾಳೆ" ಎಂದರು. ಅವಳು ಅದನ್ನು ಬರೆದುಕೊಳ್ಳಲಿಲ್ಲ, ಕನ್ನಡಿ ಇಲ್ಲ ಎಂದಷ್ಟೇ ಬರೆದಳು.

"ಸಾರ್, ಕಾಲಿನ ಬ್ರೇಕು ಒತ್ತಿ. ಅಮ್ಮಾ, ನೀವು ಹಿಂದೆ ಹೋಗಿ ನೋಡಿ ಹೇಳಿ, ಲೈಟ್ ಬರ್ತಾ ಇದೆಯಾ?"

ಇಲ್ಲೊಂದು ಮಾತು ಹೇಳಬೇಕು. ನಾನು ಓದಿದ್ದು ರಾಯಪುರಂನ ಕಾನ್ವೆಂಟಿನಲ್ಲಿ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಬೆನೆಡಿಕ್ಟಾ ಸಾಲಿನುದ್ದಕ್ಕೂ ಬರುತ್ತಿದ್ದರು. ಉಗುರು, ರಿಬ್ಬನ್ನು, ಶೂಸು, ಕರ್ಚೀಫು. ಅವರ ಹಿಂದೆಯೇ ಸಮುದ್ರದ ಗಾಳಿ ಒಣಮೀನಿನ ವಾಸನೆ ಹೊತ್ತು ಬರುತ್ತಿತ್ತು, ನಮಗೆ ಮೂಗು ಮುಚ್ಚಿಕೊಳ್ಳಲು ಅಪ್ಪಣೆಯಿರಲಿಲ್ಲ. ಒಂದು ಸೋಮವಾರ ನನ್ನ ಲಂಗದ ಒಳಮಡಿಕೆಯಲ್ಲಿ ಇಂಕಿನ ಕಲೆಯಿತ್ತು. ಯಾರಿಗೂ ಕಾಣುತ್ತಿರಲಿಲ್ಲ. ಸಿಸ್ಟರ್ ನನ್ನನ್ನು ದಾಟಿ ನಾಲ್ಕು ಹುಡುಗಿಯರಾಚೆ ಹೋಗಿದ್ದರು. ನಾನೇ ಕೈಯೆತ್ತಿ, ಮಡಿಕೆ ಬಿಡಿಸಿ ತೋರಿಸಿದೆ. ಸಿಸ್ಟರ್ ನನ್ನನ್ನು ಹೊಗಳಿ, ಆಮೇಲೆ ಬಿಸಿಲಿನಲ್ಲಿ ನಿಲ್ಲಿಸಿದರು. ಇಂಥ ಶಿಕ್ಷಣ ಒಮ್ಮೆ ಮೈಗೆ ಹತ್ತಿದರೆ ಬಿಡುವುದಿಲ್ಲ.

"ಬರ್ತಾ ಇಲ್ಲ" ಎಂದೆ.

ನಮ್ಮವರು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನನ್ನ ಕಡೆ ನೋಡಿದರು.

ಕೊನೆಗೆ ಅವಳು ಟಾರ್ಚು ಹಿಡಿದು ಹೆಡ್‌ಲೈಟಿನ ಹಿಂದೆ, ಹ್ಯಾಂಡಲ್ಲು ಬಂದು ಸೇರುವ ಕುತ್ತಿಗೆಯ ಹತ್ತಿರ ಬಗ್ಗಿದಳು. ಅಲ್ಲಿ ಕಬ್ಬಿಣದಲ್ಲೇ ಕೊರೆದ ಚಾಸಿಸ್ ನಂಬರು ಇರುತ್ತದೆ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ. ಅದಿಲ್ಲದಿದ್ದರೆ ಈ ಬಂಡಿ ಈ ಬಂಡಿಯೇ ಎನ್ನಲು ಬೇರೆ ಸಾಕ್ಷಿಯಿಲ್ಲ. ಅವಳು ಬಹಳ ಹೊತ್ತು ಬಗ್ಗಿಯೇ ಇದ್ದಳು. ಉಗುರಿನಿಂದ ಕೆರೆದು ನೋಡಿದಳು.

"ಸಾರ್, ಇಲ್ಲಿ ನಂಬರೇ ಇಲ್ಲ. ಉಬ್ಬಿಕೊಂಡು ಏನೋ ನಾಮದ ಥರ ಇದೆ."

ಆ ನಾಮ ಹಾಕಿದವಳು ನಾನು.

ನಮ್ಮತ್ತೆಯವರ ಪ್ರಕಾರ ಆಯುಧಪೂಜೆಯ ದಿನ ಬಂಡಿಗೆ ಬರೀ ಕುಂಕುಮ ಸಾಲದು. ವೈಷ್ಣವರ ಮನೆಯ ಬಂಡಿ, ಗೋಪೀಚಂದನದ ನಾಮ ಬೇಕು. ಎಲ್ಲಿ ಹಾಕುವುದು? ಹಣೆಯಂಥ ಜಾಗ ನೋಡು ಎಂದಿದ್ದರು. ಹುಡುಕಿದಾಗ ಆ ಕುತ್ತಿಗೆಯ ಹತ್ತಿರ ಒಂದು ಪುಟ್ಟ ಚಪ್ಪಟೆ ಜಾಗ ಸಿಕ್ಕಿತು. ಏನೋ ಗೀರುಗಳಿದ್ದವು, ತೇದ ಗೋಪೀಚಂದನ ಜಾರದೆ ಚೆನ್ನಾಗಿ ಹಿಡಿಯುತ್ತಿತ್ತು. ದೇವರ ಹೆಸರಿನಲ್ಲಿ ಹಚ್ಚಿದ್ದನ್ನು ಕೆರೆದು ತೆಗೆಯಬಾರದು ಎಂಬುದೂ ಅತ್ತೆಯವರ ಅಪ್ಪಣೆ. ಅವರು ಹೋದ ಮೇಲೂ ಅಪ್ಪಣೆ ಉಳಿಯಿತು. ಇವರೋ, ಪ್ರತಿ ವರ್ಷ ಪೂಜೆಯ ಹಿಂದಿನ ದಿನ ಬಂಡಿಯ ಮೈಗೆಲ್ಲ ಒಂದು ಕೈ ಕಪ್ಪು ಎನಾಮಲ್ ಬಳಿಯುವವರು. ಸಮುದ್ರದ ಗಾಳಿಗೆ ಕಬ್ಬಿಣ ಉಳಿಯಬೇಕಲ್ಲ. ಅಮ್ಮನ ಮಾತು ಮೀರದೆ ನಾಮದ ಮೇಲೇ ಬಳಿಯುತ್ತಿದ್ದರು. ಮರುದಿನ ಆ ಬಣ್ಣದ ಮೇಲೆ ನನ್ನ ಹೊಸ ನಾಮ. ಹದಿನೈದು ನಾಮ, ಹದಿನೈದು ಬಣ್ಣ. ನಾವಿಬ್ಬರೂ ಸೇರಿ ಬಂಡಿಯ ಗುರುತನ್ನು ವರ್ಷಕ್ಕೊಂದು ಪದರದಂತೆ ಶ್ರದ್ಧೆಯಿಂದ ಹೂತಿದ್ದೆವು.

ಇನ್ಸ್‌ಪೆಕ್ಟರು ಕಾಗದ ಕೊಟ್ಟಳು. ಮೂರು ಸಾಲು, ಮೂರರ ಮುಂದೂ ಇಂಟು. "ಮಧ್ಯಾಹ್ನ ಒಂದು ಗಂಟೆಯೊಳಗೆ ಸರಿ ಮಾಡಿ ತಂದರೆ ಇವತ್ತೇ ನೋಡ್ತೀನಿ. ನಂಬರ್ ಸಿಗದಿದ್ದರೆ ಕಷ್ಟ ಸಾರ್."

ನಮ್ಮವರು ಕಾಗದ ಮಡಚಿ ಜೇಬಿಗಿಟ್ಟು, ಬಂಡಿಯನ್ನು ಗೇಟಿನವರೆಗೆ ತಳ್ಳಿಕೊಂಡು ಬಂದರು. ಅಲ್ಲಿ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೊಟ್ಟುಕೊಂಡರು.

"ಹತ್ತು, ಮನೆಗೆ ಹೋಗೋಣ."

"ಒಂದು ಗಂಟೆಯೊಳಗೆ ಅಂದಳಲ್ಲ."

"ಅವಳು ಸರಿಯಾಗೇ ನೋಡಿದ್ದಾಳೆ. ನಾನಾಗಿದ್ದರೂ ರಿಜೆಕ್ಟ್ ಮಾಡ್ತಿದ್ದೆ. ಮಾಲಿನಿಗೆ ಹೇಳು, ಗುಜರಿಯವರ ನಂಬರ್ ನೋಡಲಿ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು, ಕೋಪಕ್ಕೆ ನನ್ನ ಹತ್ತಿರ ಉಪಾಯಗಳಿವೆ. ಇದು ಮೂವತ್ತು ವರ್ಷ ಬೇರೆಯವರ ಕೆಲಸಕ್ಕೆ ಮಾರ್ಕು ಹಾಕಿದ ಮನುಷ್ಯ ತನ್ನ ಮೇಲೆ ಬಿದ್ದ ಮಾರ್ಕನ್ನು ಒಪ್ಪಿಕೊಂಡ ದನಿ. ನಾನು ಹತ್ತಲಿಲ್ಲ.

"ನಿಮ್ಮಲ್ಲಿ ರಿಜೆಕ್ಟ್ ಆದ ಬೋಗೀನ ಏನು ಮಾಡ್ತಾರೆ? ಸಮುದ್ರಕ್ಕೆ ತಳ್ತಾರಾ?"

"ಅದು ಬೇರೆ. ವಾಪಸ್ ಸೆಕ್ಷನ್ನಿಗೆ ಹೋಗತ್ತೆ."

"ಆ ಸೆಕ್ಷನ್ ನಾನು. ನೀವು ಮಾರ್ಕು ಹಾಕೋರು, ದೂರ ನಿಂತ್ಕೊಳ್ಳಿ."

"ಸುಧಾ, ತಮಾಷೆ ಬೇಡ. ಬಿಸಿಲಿದೆ."

"ಬಂಡಿ ನನ್ನ ಹೆಸರಿನಲ್ಲಿದೆ. ನಾನು ಗುಜರಿಗೆ ಕೊಡಲ್ಲ."

ಹದಿನೈದು ವರ್ಷದಲ್ಲಿ ಈ ಮಾತನ್ನು ನಾನು ಆಡಿದ್ದು ಅದೇ ಮೊದಲು. ನನಗೇ ಸ್ವಲ್ಪ ಗಾಬರಿಯಾಯಿತು. ಅವರು ಹೆಲ್ಮೆಟ್ ತೆಗೆದರು.

ಕಚೇರಿಯ ಎದುರು ಬೇವಿನ ಮರದ ಕೆಳಗೆ ಏಳುಮಲೈ ಎಂಬ ವಯಸ್ಸಾದ ಮೆಕ್ಯಾನಿಕ್ಕು ಇದ್ದರು. ಒಳಗೆ ಇಂಟು ಬಿದ್ದ ಬಂಡಿಗಳೆಲ್ಲ ಅವರ ಹತ್ತಿರವೇ ಬರುವುದು. ನಮ್ಮ ಕಾಗದ ನೋಡಿ, "ಕನ್ನಡಿ, ಬ್ರೇಕ್ ಸ್ವಿಚ್ಚು, ಎರಡೂ ಆಗುತ್ತಮ್ಮ. ಇದು..." ಎಂದು ಕುತ್ತಿಗೆಯ ಹತ್ತಿರ ಬಗ್ಗಿ, "ಇದನ್ನು ಉಳಿಯಿಂದ ಕೆತ್ತಿದರೆ ನಂಬರೂ ಹೋಗುತ್ತೆ. ಏನು ಸಾರ್, ಪುಟ್ಟಿ ಹಾಕಿದ್ದೀರಾ?" ಎಂದರು.

"ಗೋಪೀಚಂದನ" ಎಂದರು ನಮ್ಮವರು, ಯಾವುದೋ ಬಿಡಿಭಾಗದ ಹೆಸರು ಹೇಳುವ ಹಾಗೆ.

ಏಳುಮಲೈ ಉಳಿ ಎತ್ತಿಕೊಂಡಾಗ ನಾನು ಬೇಡವೆಂದೆ. ಅವರು ಕನ್ನಡಿ, ಸ್ವಿಚ್ಚುಗಳ ಕೆಲಸಕ್ಕೆ ತಿರುಗಿದರು. ಎನಾಮಲ್ ನನಗೆ ಗೊತ್ತಿಲ್ಲ, ಗೋಪೀಚಂದನ ಗೊತ್ತು. ಅದು ಮಣ್ಣು. ನೀರು ತಗುಲಿದರೆ ಎಷ್ಟು ವರ್ಷದ್ದಾದರೂ ಬಿಡುತ್ತದೆ. ನನ್ನ ಬಳೆಗೆ ಸದಾ ಎರಡು ಸೇಫ್ಟಿಪಿನ್ನು ಸಿಕ್ಕಿಸಿರುತ್ತೇನೆ. ಒಂದನ್ನು ಬಿಚ್ಚಿ ಮೇಲಿನ ಬಣ್ಣದ ಅಂಚನ್ನು ಎತ್ತಿದೆ. ಬಾಟಲಿಯ ನೀರನ್ನು ಕರ್ಚೀಫಿಗೆ ಹಾಕಿ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಒಳಗಿನ ಮಣ್ಣು ನೆನೆದು, ಕಪ್ಪು ಬಣ್ಣ ಈರುಳ್ಳಿ ಸಿಪ್ಪೆಯಂತೆ ತುಂಡಾಗಿ ಎದ್ದಿತು. ಅದರ ಕೆಳಗೆ ಇನ್ನೊಂದು ನಾಮ. ಮತ್ತೆ ನೀರು, ಮತ್ತೆ ಪಿನ್ನು. ನಮ್ಮವರು ದೂರ ನಿಂತಿದ್ದರು. ಐದನೇ ಪದರಕ್ಕೆ ಹತ್ತಿರ ಬಂದರು. ಎಂಟನೆಯದಕ್ಕೆ ಕೂತರು. ಆಮೇಲೆ ಬಾಟಲಿ ಹಿಡಿದುಕೊಂಡು, ನಾನು ಬೆರಳು ತೋರಿಸಿದಲ್ಲಿ ನೀರು ಬಿಟ್ಟರು.

ಮೊದಲು ಕಂಡದ್ದು ಒಂದು ಎಂ. ಆಮೇಲೆ ಒಂದು ಸೊನ್ನೆ. ಆಮೇಲೆ ಎಲ್ಲವೂ ಒಟ್ಟಿಗೇ, ಬೆಳ್ಳಿ ಕುಂಕುಮಭರಣಿಯ ಮೇಲೆ ಕೆತ್ತಿಸಿದ ಹೆಸರಿನಷ್ಟು ಚೊಕ್ಕವಾಗಿ.

ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಇನ್ಸ್‌ಪೆಕ್ಟರು ಮತ್ತೆ ಬಗ್ಗಿದಳು. ಕಾಗದವಿಟ್ಟು ಪೆನ್ಸಿಲ್ ಆಡಿಸಿದಳು. ಒಂದೊಂದೇ ಅಕ್ಷರ ಬೂದುಬಣ್ಣದಲ್ಲಿ ಮೇಲೆದ್ದು ಬಂತು. "ಈ ಕಡೆಯ ಬಂಡಿಗಳಲ್ಲಿ ನಂಬರನ್ನು ಉಪ್ಪು ತಿಂದುಬಿಟ್ಟಿರುತ್ತೆ. ಇದು ಹೊಸದರ ಹಾಗಿದೆ. ಏನು ಹಾಕಿದ್ದಿರಿ ಸಾರ್?" ಎಂದು ಕೇಳಿದಳು.

ನಮ್ಮವರು ಸ್ವಲ್ಪ ಯೋಚಿಸಿ, "ಮೇಂಟೆನೆನ್ಸ್ ಓನರ್‌ದು" ಎಂದರು.

ಕಾಲಿನ ಬ್ರೇಕು ಒತ್ತಿಸಿ, ಈ ಸಲವೂ ನನ್ನನ್ನೇ ಹಿಂದೆ ಕಳಿಸಿದಳು. ಬರ್ತಾ ಇದೆ ಎಂದೆ. ಎರಡು ಕನ್ನಡಿಗಳನ್ನೂ ಮುಟ್ಟಿ ನೋಡಿ, ನನ್ನ ಸಹಿ ತೆಗೆದುಕೊಂಡು, ಇನ್ನು ಐದು ವರ್ಷ ಎಂದಳು.

ನಾನು ಗೆದ್ದೆ ಎಂದುಕೊಂಡಿದ್ದೆ. ಕನ್ನಡಿಗಳ ವಿಷಯ ಆಗ ನನಗೆ ಹೊಳೆದಿರಲಿಲ್ಲ.

ಶನಿವಾರ ಬಂತು. ಚೀಲ ಹಿಡಿದು ಹತ್ತಿದೆ. ನಮ್ಮ ರಸ್ತೆ ದಾಟುವ ಮೊದಲೇ ಮೇಲಿನ ಮನೆಯವರ ವಿಷಯ ಶುರುಮಾಡಿದ್ದೆ. ಮಾಮೂಲಿನಂತೆ ಬಲಭುಜದ ಪಕ್ಕ ಮುಖ ಚಾಚಿದರೆ ಕನ್ನಡಿಯಲ್ಲಿ ಅವರ ಕಣ್ಣು. ಹೆಲ್ಮೆಟ್ಟಿನೊಳಗೆ ಎರಡೇ ಕಣ್ಣು, ನನ್ನ ಮೇಲೆ. ತಟ್ಟನೆ ಮಾತು ನಿಂತಿತು. ಹದಿನೈದು ವರ್ಷ ಯಾರೂ ನೋಡದ ಮುಖದಲ್ಲಿ ನಾನು ಏನೇನು ಮಾಡುತ್ತಿದ್ದೆನೋ ಯಾರಿಗೆ ಗೊತ್ತು. ಹುಬ್ಬು ಗಂಟಿಕ್ಕುತ್ತೇನೆಯೇ, ಓರಗಿತ್ತಿಯ ಹಾಗೆ ಬಾಯಿ ಸೊಟ್ಟ ಮಾಡಿ ತೋರಿಸುತ್ತೇನೆಯೇ? ಸೆರಗು ಎಳೆದುಕೊಂಡು ನೆಟ್ಟಗೆ ಕೂತೆ. ಸೇತುವೆಯವರೆಗೆ ಒಂದು ಮಾತೂ ಆಡಲಿಲ್ಲ. ಇದಕ್ಕಾಗಿಯೇ ಬಿಸಿಲಿನಲ್ಲಿ ಕೂತು ಪಿನ್ನು ಆಡಿಸಿದೆನೇ ಎಂದು ಯೋಚಿಸುತ್ತಿದ್ದೆ.

ಸಿಗ್ನಲ್ಲಿನಲ್ಲಿ ಬಂಡಿ ನಿಂತಿತು. ಅವರು ಮುಂದೆ ನೋಡಿಕೊಂಡೇ, "ಆಮೇಲೆ?" ಎಂದರು.

"ಏನು ಆಮೇಲೆ?"

"ಬಟ್ಟೆ ಹಿಂಡದೆ ಹಾಕಿದಳು ಅಂದೆಯಲ್ಲ. ಹೋದ ವಾರ ನೀನು ಬಕೆಟ್ ತಗೊಂಡು ಮೇಲೆ ಹೋದೆ ಅಂದಿದ್ದೆ. ಆಮೇಲೆ ಏನಾಯ್ತು ಹೇಳಲೇ ಇಲ್ಲ."

ನಾನು ಉತ್ತರ ಹುಡುಕುತ್ತಿರುವಾಗ ಅವರು ಕೈಚಾಚಿ ಬಲಗಡೆಯ ಕನ್ನಡಿಯನ್ನು ಅರ್ಧ ಇಂಚು ಒಳಕ್ಕೆ ತಿರುಗಿಸಿದರು. ಏಳುಮಲೈ ಬಹಳ ಅಳತೆಯಿಂದ, ಹಿಂದಿನ ರಸ್ತೆ ಪೂರ್ತಿ ಕಾಣುವಂತೆ ಕೂರಿಸಿದ್ದ ಕನ್ನಡಿ. ಈಗ ಅದರಲ್ಲಿ ಅವರಿಗೆ ಕಾಣುವುದು ರಸ್ತೆಯಲ್ಲ, ಬಸ್ಸಲ್ಲ. ನನ್ನ ಕನ್ನಡಕ, ಮೂಗುಬಟ್ಟು, ಗಲ್ಲದ ಕೆಳಗಿನ ಹೆಲ್ಮೆಟ್ಟಿನ ಪಟ್ಟಿ, ಇಷ್ಟೇ.

ಇದು ತಪಾಸಣೆಯಲ್ಲಿ ಇಂಟು ಬೀಳುವ ತಪ್ಪು ಎಂದು ನನಗೂ ಗೊತ್ತು, ಅವರಿಗಂತೂ ಚೆನ್ನಾಗಿ ಗೊತ್ತು. ಕೈಯೆತ್ತಿ ಹೇಳಬೇಕಾಗಿತ್ತು. ನಾನು ಕತ್ತು ತಿರುಗಿಸಿ ಹಿಂದೆ ಏನು ಬರುತ್ತಿದೆ ಎಂದು ಒಮ್ಮೆ ನೋಡಿಕೊಂಡು, ಬಕೆಟ್ಟಿನಿಂದ ಮುಂದುವರಿಸಿದೆ.